ರ‍್ಯಾಲಿ ಸೀಸನ್ ಮುಗಿದ ಮೇಲೆ ಜಿಪ್ಸಿಯನ್ನು ಬಿಚ್ಚಿ ಕಟ್ಟುವುದು ಹೇಗೆ?

ಸೀಸನ್ನಿನ ಕೊನೆಯ ರ‍್ಯಾಲಿ ಮುಗಿದ ವಾರವೇ ಪ್ರಶ್ನೆಗಳು ಶುರುವಾಗುತ್ತವೆ. ಗಾಡಿ ಬಿಚ್ಚೋಣ ಅಂತಿದೀನಿ, ಎಲ್ಲಿಂದ ಶುರು ಮಾಡಲಿ? ಎಂಜಿನ್ ಪೂರ್ತಿ ಇಳಿಸಬೇಕಾ? ಕೈಯಲ್ಲಿ ಇಷ್ಟು ದುಡ್ಡಿದೆ, ಕ್ಯಾಮ್ (ಎಂಜಿನ್ ವಾಲ್ವ್ ತೆರೆಸುವ ಶಾಫ್ಟ್) ಹಾಕಿಸಲಾ, ಶಾಕ್ ಅಬ್ಸಾರ್ಬರ್ ಹಾಕಿಸಲಾ? ಎಲ್ಲರಿಗೂ ಹೇಳುವ ಉತ್ತರ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಉದಾಹರಣೆಗೆ ಮಾರುತಿ ಜಿಪ್ಸಿಯನ್ನು ಇಟ್ಟುಕೊಂಡಿದ್ದೇನೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ಸ್ವಂತ ದುಡ್ಡು ಹಾಕಿ ರ‍್ಯಾಲಿ ಓಡಿಸುವವರ ಕೈಯಲ್ಲಿ ಕಾಣುವ ಗಾಡಿ ಅದು. 1.3 ಲೀಟರಿನ, 16 ವಾಲ್ವಿನ ಜಿ13ಬಿಬಿ ಎಂಜಿನ್. ಏಣಿಯ ಹಾಗಿರುವ ಚಾಸಿ. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೂ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ನಿಮ್ಮದು ಎಸ್ಟೀಮೋ ಪೋಲೋವೋ ಆಗಿದ್ದರೆ ಬಿಡಿಭಾಗಗಳ ಹೆಸರು ಬೇರೆ, ಕೆಲಸದ ಕ್ರಮ ಇದೇ.

ಆ ಕ್ರಮ ಏನು ಅಂದರೆ, ಮೊದಲು ಮುರಿದದ್ದನ್ನು ಸರಿಮಾಡಬೇಕು. ಆಮೇಲೆ ಇನ್ನೇನು ಮುರಿಯಲಿದೆ ಅಂತ ಹುಡುಕಬೇಕು. ದುಡ್ಡು, ದಿನ ಎರಡೂ ಮಿಕ್ಕಿದ್ದರೆ ಮಾತ್ರ ವೇಗದ ಕೆಲಸ. ತುಂಬಾ ಜನ ಇದನ್ನು ತಲೆಕೆಳಗು ಮಾಡುತ್ತಾರೆ.

ಬೇಕಾಗುವುದು

ಮಳೆ, ಧೂಳು ಬೀಳದ ಒಂದು ಜಾಗ. ಗಾಡಿಯ ತೂಕ ತಡೆಯುವ ನಾಲ್ಕು ಸ್ಟ್ಯಾಂಡು. ಇಟ್ಟಿಗೆ ಪೇರಿಸಿ ಅದರ ಮೇಲೆ ಗಾಡಿ ಕೂರಿಸಿ ಕೆಳಗೆ ನುಗ್ಗುವವರಿಗೆ ಈ ಲೇಖನ ಅಲ್ಲ. ಟಾರ್ಕ್ ರೆಂಚ್ ಬೇಕು. ಅಂದರೆ ಬೋಲ್ಟು ಎಷ್ಟು ಬಿಗಿಯಾಯಿತು ಎಂದು ಅಳೆದು ಹೇಳುವ ಸ್ಪ್ಯಾನರ್. ಫೀಲರ್ ಗೇಜ್, ವರ್ನಿಯರ್, ಕಂಪ್ರೆಷನ್ ಗೇಜ್, ಮಲ್ಟಿಮೀಟರ್, ಬಿರುಕು ಹುಡುಕುವ ಸ್ಪ್ರೇ ಸೆಟ್ ಇರಲಿ. ನಿಮ್ಮ ಮಾಡೆಲ್ಲಿನದೇ ಸರ್ವೀಸ್ ಮ್ಯಾನ್ಯುಯಲ್ ಕಡ್ಡಾಯ. ಈ ಲೇಖನದಲ್ಲಿ ಟಾರ್ಕ್ ಅಂಕಿಗಳನ್ನು ಬೇಕೆಂದೇ ಕೊಟ್ಟಿಲ್ಲ. ಅವನ್ನು ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ, ವಾಟ್ಸ್ಆ್ಯಪ್ ಗುಂಪಿನಿಂದ ಬೇಡ.

ದಿನಗಳ ಲೆಕ್ಕವನ್ನೂ ಈಗಲೇ ಹಾಕಿ. ಮೂರು ತಿಂಗಳು ಸಿಕ್ಕಿದರೆ ಎರಡು ತಿಂಗಳಲ್ಲಿ ಗಾಡಿ ಚಕ್ರದ ಮೇಲೆ ನಿಲ್ಲಬೇಕು. ಕೊನೆಯ ತಿಂಗಳು ಓಡಿಸಿ ನೋಡುವುದಕ್ಕೆ. ಸಾಮಾನ್ಯ ಗ್ರಾಹಕರಿಗೆ ಜಿಪ್ಸಿ ಮಾರುವುದು ನಿಂತು ವರ್ಷಗಳಾದವು. ಕೆಲವು ಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅವತ್ತೇ ಸಿಗುತ್ತವೆ, ಕೆಲವಕ್ಕೆ ವಾರಗಟ್ಟಲೆ ಕಾಯಬೇಕು.

1. ತೊಳೆಯುವ ಮೊದಲು ನೋಡಿ

ರ‍್ಯಾಲಿಯಿಂದ ಬಂದ ಗಾಡಿಯನ್ನು ಸೀದಾ ವಾಟರ್ ಸರ್ವೀಸಿಗೆ ಬಿಡುತ್ತಾರೆ. ಬೇಡ. ಕೊಳೆಯೇ ಎಷ್ಟೋ ವಿಷಯ ಹೇಳುತ್ತದೆ. ಒಣ ಕೆಂಧೂಳಿನ ನಡುವೆ ಒಂದು ಕಡೆ ಮಾತ್ರ ಕಪ್ಪಗೆ ಒದ್ದೆಯಾಗಿ ಮೆತ್ತಿಕೊಂಡಿದ್ದರೆ ಅಲ್ಲಿ ಆಯಿಲ್ ಸೋರುತ್ತಿದೆ. ಎರಡು ಲೋಹದ ಭಾಗ ಸೇರುವ ಕಡೆ ತುಕ್ಕಿನ ಬಣ್ಣದ ನುಣ್ಣನೆ ಪುಡಿ ಕಂಡರೆ ಆ ಜೋಡಣೆ ಸಡಿಲಾಗಿ ಉಜ್ಜಾಡುತ್ತಿದೆ. ಬಣ್ಣ ಕೂದಲೆಳೆಯಷ್ಟು ಒಡೆದಿದ್ದರೆ ಅದರ ಕೆಳಗೆ ಬಿರುಕಿರಬಹುದು. ಎಲ್ಲದರ ಫೋಟೋ ತೆಗೆದುಕೊಳ್ಳಿ.

ನ್ಯಾವಿಗೇಟರ್ ಜೊತೆ ಕೂತು ಇಡೀ ಸೀಸನ್ನಿನ ದೂರುಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಯಾವ ಸ್ಟೇಜಿನಲ್ಲಿ (ಸಮಯ ಅಳೆದು ಓಡಿಸುವ ದಾರಿಯ ತುಂಡು) ಬ್ರೇಕ್ ಮೆತ್ತಗಾಯಿತು, ಯಾವಾಗ ಟೆಂಪರೇಚರ್ ಏರಿತು, ಯಾವ ಗೇರ್ ಜಾರಿತು, ಎಲ್ಲಾ ಬರಲಿ. ಪಕ್ಕದಲ್ಲಿ ಕೂತವರಿಗೆ ಕೇಳಿಸಿದ ಎಷ್ಟೋ ಸದ್ದು ಓಡಿಸುವವರಿಗೆ ಕೇಳಿಸಿರುವುದಿಲ್ಲ.

ಆಮೇಲೆ ಆಯಿಲ್ ಇಳಿಸಿ (ಅದಕ್ಕೂ ಮೊದಲು 7ನೇ ಹಂತದ ಎಂಜಿನ್ ಪರೀಕ್ಷೆ ಮುಗಿಸಿಕೊಳ್ಳಿ). ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಡಬ್ಬಿ), ಎರಡು ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಡಬ್ಬಿ), ಎಲ್ಲದರ ಆಯಿಲ್ ಬೇರೆ ಬೇರೆ ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಹೆಸರು ಬರೆದಿಡಿ. ಒಂದು ರಾತ್ರಿ ಬಿಟ್ಟು ನೋಡಿ. ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ. ಹೊಳೆ ದಾಟಿದ ಜಿಪ್ಸಿಯ ಆಕ್ಸಲ್ಲಿನಲ್ಲಿ ಇದು ಮಾಮೂಲು, ಬ್ರೀದರ್ ಪೈಪನ್ನು (ಆಕ್ಸಲ್ಲಿಗೆ ಗಾಳಿಯಾಡುವ ಕೊಳವೆ) ಎತ್ತರಕ್ಕೆ ಎಳೆದುಕೊಳ್ಳಬೇಕು. ಡ್ರೈನ್ ಬೋಲ್ಟಿನ ಆಯಸ್ಕಾಂತಕ್ಕೆ ನುಣ್ಣನೆ ಬೂದು ಹೂಳು ಅಂಟಿದ್ದರೆ ಚಿಂತೆಯಿಲ್ಲ. ಕೈಗೆ ಚುಚ್ಚುವ ತುಂಡು ಸಿಕ್ಕಿದರೆ ಆ ಡಬ್ಬಿ ಬಿಚ್ಚಲೇಬೇಕು. ಹಳೆಯ ಆಯಿಲ್ ಫಿಲ್ಟರನ್ನೂ ಕೊಯ್ದು, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಅಲ್ಲಿ ಹೊಳಪು ಕಂಡರೆ ಬೇರಿಂಗ್ ಸವೆಯುತ್ತಿದೆ.

ಈಗ ತೊಳೆಯಿರಿ. ಪ್ರೆಷರ್ ನೀರನ್ನು ಹಬ್ ಸೀಲ್, ಆಲ್ಟರ್ನೇಟರ್, ವೈರಿಂಗ್ ಜೋಡಣೆಗಳಿಗೆ ನೇರವಾಗಿ ಹೊಡೆಯಬೇಡಿ.

2. ರೂಲ್ ಪುಸ್ತಕ ಮತ್ತು ಸುರಕ್ಷತೆಯ ಸಾಮಾನು

ಈ ಕೆಲಸ ಕೊನೆಗೆ ಇಟ್ಟುಕೊಳ್ಳುವವರೇ ಜಾಸ್ತಿ. ಆದರೆ ನಿಮ್ಮ ಬಜೆಟ್ಟಿನ ದೊಡ್ಡ ಪಾಲು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುವುದು ಇಲ್ಲೇ. ಮುಂದಿನ ಸೀಸನ್ನಿಗೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ ಸಂಸ್ಥೆ) ಹೊರಡಿಸುವ ನಿಯಮಗಳಲ್ಲಿ ನಿಮ್ಮ ಕ್ಲಾಸಿನ ಭಾಗವನ್ನು ಪೂರ್ತಿ ಓದಿ. ಕಳೆದ ವರ್ಷ ನಡೆದದ್ದು ಈ ವರ್ಷವೂ ನಡೆಯುತ್ತದೆ ಅಂದುಕೊಂಡು ಸಾಮಾನು ಕೊಳ್ಳಬೇಡಿ.

ಸೀಟಿನ ಲೇಬಲ್ ನೋಡಿ. ಎಫ್‌ಐಎ (ವಿಶ್ವ ಮೋಟಾರ್ ಸ್ಪೋರ್ಟ್ ಸಂಸ್ಥೆ) 8855-1999 ಗುರುತಿನ ಸೀಟಿಗೆ ತಯಾರಾದ ದಿನದಿಂದ 5 ವರ್ಷ ಆಯುಸ್ಸು. ಬೆಲ್ಟಿನ ಲೇಬಲ್ ಮೇಲೆ ‘ನಾಟ್ ವ್ಯಾಲಿಡ್ ಆಫ್ಟರ್’ ಎಂದು ಇಸವಿ ಅಚ್ಚಾಗಿರುತ್ತದೆ. ಆ ಇಸವಿಯ ಡಿಸೆಂಬರ್ 31 ದಾಟಿದರೆ ಅದು ಲೆಕ್ಕಕ್ಕಿಲ್ಲ. ಸೆಕೆಂಡ್ ಹ್ಯಾಂಡ್ ಬೆಲ್ಟ್ ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗುವ ಮೊದಲು ಆ ಇಸವಿ ಓದಿ. ದೊಡ್ಡ ಅಪಘಾತ ಕಂಡ ಬೆಲ್ಟಿಗೆ ದಿನಾಂಕ ಉಳಿದಿದ್ದರೂ ತೆಗೆದುಹಾಕಿ. ಅದರ ದಾರ ಒಮ್ಮೆ ಹಿಗ್ಗಿದರೆ ಮತ್ತೆ ತಡೆಯುವ ಶಕ್ತಿ ಇರುವುದಿಲ್ಲ. ಕೈಯಲ್ಲಿ ಹಿಡಿದು ಬಳಸುವ ಬೆಂಕಿ ನಂದಿಸುವ ಸಿಲಿಂಡರನ್ನು ತುಂಬಿಸಿದ ಅಥವಾ ಕಡೆಯ ಸಲ ಪರೀಕ್ಷಿಸಿದ ದಿನದಿಂದ ಎರಡು ವರ್ಷದೊಳಗೆ ಮತ್ತೆ ಪರೀಕ್ಷೆ ಮಾಡಿಸಬೇಕು.

ಇನ್ನು ರೋಲ್ ಕೇಜ್. ಗಾಡಿ ಮಗುಚಿದಾಗ ಒಳಗಿದ್ದವರನ್ನು ಕಾಯುವ ಪೈಪಿನ ಪಂಜರ ಅದು. ಎಫ್‌ಐಎ ಅಪೆಂಡಿಕ್ಸ್ ಜೆ, ಆರ್ಟಿಕಲ್ 253ರ ಪ್ರಕಾರ ಸೀಟಿನ ಹಿಂದಿನ ಮುಖ್ಯ ಕಮಾನಿನ ಪೈಪು ಕನಿಷ್ಠ 45 ಮಿ.ಮೀ. ಅಡ್ಡಳತೆ, 2.5 ಮಿ.ಮೀ. ದಪ್ಪ ಇರಬೇಕು, ಇಲ್ಲವೇ 50ಕ್ಕೆ 2. ಅದೂ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪು, ಅಂದರೆ ಉದ್ದಕ್ಕೂ ಬೆಸುಗೆಯ ಗೆರೆ ಇಲ್ಲದ್ದು. ಅಂಗಡಿಯವರು ಅದೇ ಅಳತೆಯ ಇಆರ್‌ಡಬ್ಲ್ಯೂ ಪೈಪು ತೋರಿಸಿ ‘ಇದೂ ಅದೇ ಸಾರ್’ ಎನ್ನಬಹುದು. ಅದು ತಗಡು ಸುತ್ತಿ ಬೆಸೆದ ಪೈಪು, ಅದೇ ಅಲ್ಲ. ಕೇಜಿನ ಪಾದಗಳ ಬೋಲ್ಟು ಬಿಚ್ಚಿ, ಕೆಳಗಿನ ಪ್ಲೇಟಿನ ಸುತ್ತ ತಗಡು ಹರಿದಿದೆಯೇ ನೋಡಿ. ಪಾದಕ್ಕೆ ಕನಿಷ್ಠ ಮೂರು ಎಂ8 ಬೋಲ್ಟು, 8.8 ಗ್ರೇಡಿನವು ಇರಬೇಕು. ಬಗ್ಗಿದ ಕೇಜ್ ಪೈಪನ್ನು ಕಾಯಿಸಿ ನೆಟ್ಟಗೆ ಮಾಡಿಸುವ ಯೋಚನೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

3. ಬಿಚ್ಚುವುದು

ಬಿಚ್ಚುವುದಕ್ಕೆ ಬುದ್ಧಿ ಬೇಡ, ವಾಪಸ್ ಜೋಡಿಸುವುದಕ್ಕೆ ಬೇಕು. ಅದಕ್ಕೇ ಬಿಚ್ಚುವಾಗಲೇ ವ್ಯವಸ್ಥೆ ಮಾಡಿಕೊಳ್ಳಿ. ಒಂದೊಂದು ಭಾಗದ ನಟ್ಟು ಬೋಲ್ಟು ಒಂದೊಂದು ಜಿಪ್ ಕವರಿಗೆ ಹಾಕಿ, ಒಳಗೆ ಚೀಟಿ, ಹೊರಗೆ ಮಾರ್ಕರ್. ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್ಲಿಗೆ ಬಲ ಒಯ್ಯುವ ಉದ್ದನೆ ದಂಡ) ಕಳಚುವ ಮೊದಲು ಎರಡೂ ತುದಿಗೆ ಬಣ್ಣದ ಗೆರೆ ಎಳೆಯಿರಿ. ತಿರುಗಿಸಿ ಕೂರಿಸಿದರೆ ಹೊಸ ನಡುಕ ಹುಟ್ಟುತ್ತದೆ. ಜಿಪ್ಸಿಯಲ್ಲಿ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಇನ್ನೊಂದು ಚಿಕ್ಕ ಶಾಫ್ಟ್ ಇದೆ, ಅದನ್ನೂ ಸೇರಿಸಿ ಒಟ್ಟು ಮೂರು.

ಒಂದು ಎಚ್ಚರಿಕೆ. ಉತ್ಸಾಹದಲ್ಲಿ ನಾಲ್ಕು ಜನ ಸೇರಿ ಭಾನುವಾರ ಒಂದೇ ದಿನದಲ್ಲಿ ಗಾಡಿ ಪೂರ್ತಿ ಬಿಚ್ಚಿ ಹರಡಿಬಿಡುತ್ತಾರೆ. ಮುಂದಿನ ಭಾನುವಾರ ಇಬ್ಬರು ಬರುತ್ತಾರೆ, ಆಮೇಲೆ ನೀವೊಬ್ಬರೇ. ಒಂದು ವಿಭಾಗ ಬಿಚ್ಚಿ, ಪರೀಕ್ಷಿಸಿ, ಬೇಕಾದ ಸಾಮಾನು ಬರೆದು, ಆಮೇಲೆ ಮುಂದಿನದಕ್ಕೆ ಕೈಹಾಕಿ. ಬಾಡಿಯನ್ನು ಚಾಸಿಯಿಂದ ಎತ್ತುವ ಕೆಲಸ ಪ್ರತಿ ವರ್ಷ ಬೇಕಿಲ್ಲ. ಗಾಡಿ ಮಗುಚಿದ್ದರೆ, ಇಲ್ಲವೇ ಚಾಸಿಯಲ್ಲಿ ಬಿರುಕು ಕಂಡರೆ ಮಾತ್ರ ಸಾಕು.

4. ಚಾಸಿ ಮತ್ತು ಬಿರುಕು

ಜಿಪ್ಸಿಯಲ್ಲಿ ಮೊದಲು ನೋಡಬೇಕಾದ ಜಾಗ ಸ್ಟೀರಿಂಗ್ ಬಾಕ್ಸ್ ಕೂರುವ ಚಾಸಿಯ ಭಾಗ. ಚಕ್ರಕ್ಕೆ ಬಿದ್ದ ಏಟೆಲ್ಲಾ ಅಲ್ಲಿಗೆ ಬರುತ್ತದೆ. ಆಮೇಲೆ ಕಮಾನು ಪಟ್ಟಿಯ ಹ್ಯಾಂಗರ್‌ಗಳು, ಶಾಕ್‌ನ ಮೇಲಿನ ಹಿಡಿಕೆ, ಟ್ರಾನ್ಸ್‌ಫರ್ ಕೇಸಿನ ಮೌಂಟ್, ಬಾಡಿ ಕೂರುವ ರಬ್ಬರ್‌ಗಳ ಬ್ರಾಕೆಟ್, ಆಕ್ಸಲ್ ಹೌಸಿಂಗಿಗೆ ಸ್ಪ್ರಿಂಗ್ ಕೂರುವ ಪ್ಯಾಡಿನ ಬೆಸುಗೆ.

ಕಣ್ಣಿಗೆ ಕಾಣದ ಬಿರುಕಿಗೆ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿ. ಹೆಸರು ಕೇಳಿ ಹೆದರಬೇಡಿ, ಮೂರು ಸ್ಪ್ರೇ ಡಬ್ಬಿಯ ಕೆಲಸ. ಜಾಗವನ್ನು ಬಣ್ಣ, ಗ್ರೀಸ್ ಏನೂ ಉಳಿಯದಂತೆ ಕ್ಲೀನರ್‌ನಿಂದ ಒರೆಸಿ. ಕೆಂಪು ದ್ರವ ಹೊಡೆದು 10ರಿಂದ 20 ನಿಮಿಷ ಬಿಡಿ. ಅದು ಬಿರುಕಿನೊಳಗೆ ಇಳಿಯುತ್ತದೆ. ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಮೇಲಿನ ಕೆಂಪು ಒರೆಸಿ. ಕ್ಲೀನರನ್ನು ನೇರ ಲೋಹದ ಮೇಲೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ, ತುಂಬಾ ಜನ ತಪ್ಪುವುದು ಇಲ್ಲೇ. ಕೊನೆಗೆ ಬಿಳಿ ಡೆವಲಪರ್ ತೆಳ್ಳಗೆ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ.

ಬಿರುಕು ಸಿಕ್ಕಿದ ಮೇಲೆ ಸುಮ್ನೆ ಅದರ ಮೇಲೆ ವೆಲ್ಡಿಂಗ್ ಎಳೆಸಬೇಡಿ. ಬಿರುಕಿನ ಎರಡೂ ತುದಿಗೆ ಸುಮಾರು 3 ಮಿ.ಮೀ. ತೂತು ಕೊರೆಯಬೇಕು, ಇಲ್ಲದಿದ್ದರೆ ಅದು ಮುಂದಕ್ಕೆ ಹರಿಯುತ್ತದೆ. ಗೆರೆಯ ಉದ್ದಕ್ಕೂ ಗ್ರೈಂಡರಿನಿಂದ ಹಳ್ಳ ತೋಡಿ, ಬೆಸುಗೆ ಆಳಕ್ಕೆ ಇಳಿಯುವಂತೆ ಮಾಡಿಸಿ. ಮೇಲೆ ಪಟ್ಟಿ ಕೊಡುವುದಾದರೆ ಅದರ ತುದಿ ಚೌಕವಾಗಿ ಕೊನೆಯಾಗದೆ ಓರೆಯಾಗಿರಲಿ. ಚೌಕಾಕಾರದ ದಪ್ಪ ಪ್ಲೇಟ್ ಹಾಕಿಸಿದರೆ ಮುಂದಿನ ವರ್ಷ ಆ ಪ್ಲೇಟಿನ ಅಂಚಿನಲ್ಲೇ ಚಾಸಿ ಸೀಳುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕಳಚಿ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮತ್ತು ಆಲ್ಟರ್ನೇಟರಿನ ಪ್ಲಗ್ ತೆಗೆಯಿರಿ. ಕಮಾನು ಪಟ್ಟಿಗೆ ಮಾತ್ರ ಯಾವ ಕಾರಣಕ್ಕೂ ವೆಲ್ಡಿಂಗ್ ಬೇಡ. ಕಾದ ಜಾಗದಲ್ಲೇ ಅದು ಮುರಿಯುತ್ತದೆ.

ಸಮತಟ್ಟಾದ ನೆಲದಲ್ಲಿ ಚಾಸಿಯ ಒಂದೇ ಥರದ ಬಿಂದುಗಳಿಂದ ಮೂಲೆಗೆ ಮೂಲೆ ಟೇಪ್ ಹಿಡಿದು ಅಳೆಯಿರಿ. ಎರಡೂ ಮೂಲೆಯಳತೆ ಒಂದೇ ಬರದಿದ್ದರೆ ಚಾಸಿ ಸೊಟ್ಟಗಾಗಿದೆ. ಅದನ್ನು ಎಳೆಸದೆ ಮುಂದಿನ ಯಾವ ಕೆಲಸ ಮಾಡಿದರೂ ದಂಡ.

5. ಸಸ್ಪೆನ್ಷನ್, ಸ್ಟೀರಿಂಗ್

ಇಲ್ಲಿ ನಿಧಾನವಾಗಿ ಕೆಲಸ ಮಾಡಿ. ಮಣ್ಣಿನ ರ‍್ಯಾಲಿಯಲ್ಲಿ ಸಮಯ ಸಿಗುವುದೂ ಹೋಗುವುದೂ ಇಲ್ಲೇ.

ಮುಂದಿನ ಆಕ್ಸಲ್ಲಿನ ಎರಡು ತುದಿಯಲ್ಲಿ ಚೆಂಡಿನಾಕಾರದ ಹೌಸಿಂಗ್ ಇದೆ. ಅದರ ಸುತ್ತ ನಕಲ್ ತಿರುಗುತ್ತದೆ. ನಕಲ್ ಅಂದರೆ ಚಕ್ರವನ್ನು ಹೊತ್ತು ಎಡಬಲಕ್ಕೆ ತಿರುಗಿಸುವ ಭಾಗ. ಅದನ್ನು ಮೇಲೆ ಕೆಳಗೆ ಹಿಡಿದಿರುವುದು ಕಿಂಗ್‌ಪಿನ್ ಬೇರಿಂಗ್. ವೇಗದಲ್ಲಿ ಒಂದು ಗುಂಡಿ ಹಾರಿದ ಮೇಲೆ ಸ್ಟೀರಿಂಗ್ ಕೈಬಿಟ್ಟು ಒದ್ದಾಡುತ್ತದಲ್ವಾ, ಅದಕ್ಕೆ ಬಹಳ ಸಲ ಕಾರಣ ಈ ಬೇರಿಂಗೇ. ಪರೀಕ್ಷೆ ಸುಲಭ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲು) ಇದ್ದರೆ ಒಬ್ಬರನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಕಿಂಗ್‌ಪಿನ್. ಹೊಸ ಬೇರಿಂಗ್ ಹಾಕುವಾಗ ಶಿಮ್ (ತೆಳು ಲೋಹದ ಬಿಲ್ಲೆ) ಕೂಡಿಸಿ ಕಳೆದು ಸರಿಯಾದ ಬಿಗಿ ಕೊಡಬೇಕು. ನಕಲ್ ತಿರುಗಲು ಎಷ್ಟು ಬಲ ಬೇಕು ಎಂದು ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ಮ್ಯಾನ್ಯುಯಲ್ ಅಳತೆಗೆ ತನ್ನಿ. ‘ಕೈ ಅಂದಾಜು’ ಎನ್ನುವ ಮೆಕ್ಯಾನಿಕ್ಕಿನ ಹತ್ತಿರ ಈ ಕೆಲಸ ಮಾಡಿಸಬೇಡಿ. ನಡುಕಕ್ಕೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ನಡುಕ ಕೆಲವು ದಿನ ಅಡಗುತ್ತದೆ, ಸವೆತ ಒಳಗೇ ಬೆಳೆಯುತ್ತದೆ.

ಆ ಚೆಂಡಿನ ಹೊರಗೆ ತೆಳು ಆಯಿಲ್ ಇಳಿದಿದ್ದರೆ ಆಕ್ಸಲ್ಲಿನ ಒಳಸೀಲ್ ಹೋಗಿದೆ. ಡಿಫರೆನ್ಷಿಯಲ್ ಆಯಿಲ್ ಬಂದು ನಕಲಿನ ಗ್ರೀಸನ್ನು ತೊಳೆಯುತ್ತಿದೆ. ಹೊರಗಿನ ಸೀಲ್ ಒಂದನ್ನೇ ಬದಲಾಯಿಸಿದರೆ ಪ್ರಯೋಜನವಿಲ್ಲ.

ಕಮಾನು ಪಟ್ಟಿಗಳನ್ನು ಬಿಡಿಸಿ ಒಂದೊಂದು ಎಲೆಯನ್ನೂ ಉಜ್ಜಿ ನೋಡಿ. ಸೆಂಟರ್ ಬೋಲ್ಟಿನ ತೂತಿನ ಸುತ್ತ ಬಿರುಕು ಹುಡುಕಿ. ಎಡ, ಬಲ ಪಟ್ಟಿಗಳ ಬಾಗು ಒಂದೇ ಇದೆಯೇ ಎಂದು ನೆಲದ ಮೇಲೆ ಪಕ್ಕಪಕ್ಕ ಇಟ್ಟು ಹೋಲಿಸಿ. ಕಮಾನು ಕೂತುಹೋಗಿದ್ದರೆ ಮತ್ತೆ ಬಾಗಿಸುವ ಅಂಗಡಿಗಳಿವೆ. ಆದರೆ ತಣ್ಣಗೆ ಬಡಿದು ಬಾಗಿಸಿದ ಪಟ್ಟಿ ಕೆಲವು ಸ್ಟೇಜಿಗೆ ಮತ್ತೆ ಕೂರುವುದೇ ಹೆಚ್ಚು. ದುಡ್ಡಿದ್ದರೆ ಹೊಸದೇ ಲೇಸು. ಯು-ಬೋಲ್ಟುಗಳನ್ನು (ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಬೋಲ್ಟು) ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬೇಡಿ, ಬಿಗಿದಾಗಲೇ ಅವುಗಳ ಎಳೆ ಹಿಗ್ಗಿರುತ್ತದೆ. ಬುಷ್‌ಗಳ ಬೋಲ್ಟನ್ನು ಗಾಡಿ ನೆಲದ ಮೇಲೆ ಪೂರ್ತಿ ತೂಕ ಹಾಕಿ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಿ. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಶಾಕ್ ಅಬ್ಸಾರ್ಬರ್ ಬಿಚ್ಚಿ ಕಟ್ಟುವಂಥದ್ದಾಗಿದ್ದರೆ ಪ್ರತಿ ಸೀಸನ್ನಿಗೂ ಆಯಿಲ್, ಸೀಲ್ ಬದಲಾಯಿಸಿ ನೈಟ್ರೋಜನ್ ತುಂಬಿಸಬೇಕು. ರಾಡಿನ ಕ್ರೋಮ್ ಮೇಲೆ ಉಗುರು ಎಳೆದು ನೋಡಿ. ಎಲ್ಲಿ ಉಗುರು ಸಿಕ್ಕಿಕೊಳ್ಳುತ್ತದೋ ಅಲ್ಲೇ ಹೊಸ ಸೀಲ್ ಹರಿಯುವುದು. ಎಡ, ಬಲ ಶಾಕ್‌ಗಳನ್ನು ಡೈನೋ (ಶಾಕ್ ಎಷ್ಟು ತಡೆಯುತ್ತದೆ ಎಂದು ಅಳೆಯುವ ಯಂತ್ರ) ಮೇಲೆ ಹಾಕಿಸಿ, ಎರಡರ ಗ್ರಾಫ್ ಹೋಲುತ್ತದೆಯೇ ನೋಡಿಕೊಂಡು ಮನೆಗೆ ತನ್ನಿ.

ಬೇರೆ ಉದ್ದದ ಶಾಕ್ ಹಾಕಿಸಿದ್ದರೆ ಇನ್ನೊಂದು ಪರೀಕ್ಷೆ ಇದೆ. ಕಮಾನು ಪಟ್ಟಿಯ ಮುಖ್ಯ ಎಲೆ ಒಂದನ್ನೇ ಇಟ್ಟು ಕಟ್ಟಿ, ಆಕ್ಸಲನ್ನು ಜಾಕಿಯಿಂದ ಪೂರ್ತಿ ಮೇಲಕ್ಕೆತ್ತಿ, ಪೂರ್ತಿ ಕೆಳಗಿಳಿಸಿ. ಬಂಪ್ ಸ್ಟಾಪ್ ಅಂದರೆ ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ದಿಂಡು. ಶಾಕ್ ತಳ ಹತ್ತುವ ಮೊದಲು ಆಕ್ಸಲ್ ಈ ರಬ್ಬರಿಗೆ ತಾಗಬೇಕು. ಕೆಳಗಿಳಿದಾಗ ಬ್ರೇಕ್ ಪೈಪು ಎಳೆದುಕೊಳ್ಳಬಾರದು, ಪ್ರೊಪೆಲ್ಲರ್ ಶಾಫ್ಟಿನ ಜಾರುವ ತುದಿ ಹೊರಬರಬಾರದು. ಇದನ್ನು ನೋಡದೆ ದುಬಾರಿ ಶಾಕ್ ಮೊದಲ ರ‍್ಯಾಲಿಯಲ್ಲೇ ಒಡೆದುಕೊಂಡವರು ಎಷ್ಟೋ ಮಂದಿ.

6. ಬ್ರೇಕ್

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಘಾಟಿಯ ಇಳಿಜಾರಿನ ಸ್ಟೇಜಿನಲ್ಲಿ ಪೆಡಲ್ ನೆಲ ಹತ್ತುವುದು ಹೀಗೇ. ಮಲೆನಾಡಿನ ಮಳೆಗಾಲ ಕಳೆದ ಆಯಿಲ್ ಬಾಟಲಿಯ ಸೀಲ್ ಒಡೆದಿದ್ದರೆ ಅದನ್ನು ರೇಸ್ ಗಾಡಿಗೆ ಹಾಕಬೇಡಿ. ಡಾಟ್ 5 ಎನ್ನುವುದು ಸಿಲಿಕೋನ್, ಬೇರೆಯದೇ ಜಾತಿ. ಡಾಟ್ 4ರ ಜೊತೆ ಬೆರೆಸಲೇಬೇಡಿ. ಡಾಟ್ 5.1 ಆದರೆ ತೊಂದರೆಯಿಲ್ಲ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿದ್ದರೆ ಅದನ್ನು ನೋಡಿ, ಇಲ್ಲದಿದ್ದರೆ ಮ್ಯಾನ್ಯುಯಲ್ ತೆಗೆದು ವರ್ನಿಯರ್ ಹಿಡಿಯಿರಿ. ಹಿಂದಿನ ಡ್ರಮ್ಮಿನೊಳಗೆ ಕೆಸರು ಒಣಗಿ ಸಾಣೆ ಹಿಡಿಯುತ್ತಿರುತ್ತದೆ. ಶೂ, ಸ್ಪ್ರಿಂಗ್, ವೀಲ್ ಸಿಲಿಂಡರ್ ಎಲ್ಲಾ ಬಿಚ್ಚಿ ನೋಡಿ. ರಬ್ಬರ್ ಪೈಪಿನ ಬದಲು ಉಕ್ಕಿನ ಹೆಣಿಗೆಯ ಪೈಪು ಹಾಕಿಸುವುದು ಕಡಿಮೆ ಖರ್ಚಿನ ಒಳ್ಳೆಯ ಸುಧಾರಣೆ.

7. ಎಂಜಿನ್: ಮೊದಲು ಪರೀಕ್ಷೆ, ಆಮೇಲೆ ಸ್ಪ್ಯಾನರ್

‘ಸೀಸನ್ ಮುಗೀತು, ಎಂಜಿನ್ ಓವರ್‌ಹಾಲ್ ಮಾಡಿಸು’ ಅನ್ನುವುದು ಒಂದು ರೂಢಿ. ಚೆನ್ನಾಗಿರುವ ಎಂಜಿನ್ನನ್ನು ಬಿಚ್ಚಿ ಸುಮಾರಾಗಿ ಕಟ್ಟಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಾಗಾಗಿ ಒಂದನೇ ಹಂತದಲ್ಲಿ ಆಯಿಲ್ ಇಳಿಸುವ ಮೊದಲೇ, ಎಂಜಿನ್ ಬಿಸಿ ಇರುವಾಗ ಈ ಪರೀಕ್ಷೆ ಮುಗಿಸಿಕೊಳ್ಳಿ.

ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಇಂಧನ ಮತ್ತು ಇಗ್ನಿಷನ್ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಷನ್ ಅಳೆಯಿರಿ. ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕರ ನಡುವೆ ವ್ಯತ್ಯಾಸ ಎಷ್ಟು ಅನ್ನುವುದು ಮುಖ್ಯ. ಶೇಕಡಾ 10ಕ್ಕಿಂತ ಜಾಸ್ತಿ ಹಿಂದೆ ಬಿದ್ದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇನ್ನೂ ನಿಖರವಾಗಿ ಬೇಕಿದ್ದರೆ ಲೀಕ್ ಡೌನ್ ಪರೀಕ್ಷೆ. ಸಿಲಿಂಡರಿಗೆ ಕಂಪ್ರೆಸರ್ ಗಾಳಿ ತುಂಬಿ, ಎಷ್ಟು ಪಾಲು ಸೋರುತ್ತದೆ ಎಂದು ನೋಡುವುದು. ಗಾಳಿಯ ಸದ್ದು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಸೋರಿಕೆ ಶೇಕಡಾ 10ರೊಳಗಿದ್ದರೆ ಮುಟ್ಟಬೇಡಿ. 20 ದಾಟಿದರೆ ಬಿಚ್ಚಿ. ನಡುವೆ ಇದ್ದರೆ ನಿಮ್ಮ ಜೇಬು ನೋಡಿಕೊಳ್ಳಿ.

ರಿಂಗ್ ಸವೆದಿದ್ದರೆ ಅದಕ್ಕೆ ಕಾರಣ ಹುಡುಕದೆ ಹೊಸ ರಿಂಗ್ ಹಾಕಬೇಡಿ. ನಮ್ಮ ಕಡೆ ಕಾರಣ ಬಹುಪಾಲು ಧೂಳು. ಫಿಲ್ಟರಿನಿಂದ ಎಂಜಿನ್ ಕಡೆ ಹೋಗುವ ಪೈಪಿನ ಒಳಗೆ ತೆಳ್ಳಗೆ ಗ್ರೀಸ್ ಸವರಿ. ಒಂದು ದಿನ ಧೂಳಿನಲ್ಲಿ ಓಡಿಸಿ ಬಂದು ಬೆರಳಿನಿಂದ ಒರೆಸಿ. ಬೆರಳಿಗೆ ಮರಳು ತಾಗಿದರೆ ಫಿಲ್ಟರ್ ಡಬ್ಬಿಯೋ ಪೈಪಿನ ಕ್ಲಿಪ್ಪೋ ಸಡಿಲ ಇದೆ. ಈ ಪರೀಕ್ಷೆಯ ಖರ್ಚು ಒಂದು ರೂಪಾಯಿ ಗ್ರೀಸ್.

ಬಿಚ್ಚಲಿ, ಬಿಡಲಿ, ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಬದಲಾಯಿಸಿ. ರೇಡಿಯೇಟರ್ ಬಿಚ್ಚಿ ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ, ರೆಕ್ಕೆಗಳ ನಡುವಿನ ಮಣ್ಣು ತೆಗೆಯಿರಿ. ಸ್ಟೇಜಿನಲ್ಲಿ ಬಿಸಿಯೇರುವ ಜಿಪ್ಸಿಗೆ ದೊಡ್ಡ ರೇಡಿಯೇಟರ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಎಂಜಿನ್ ಕಟ್ಟುವಾಗ ಸಿಲಿಕೋನ್ ಪೇಸ್ಟನ್ನು ಬೆಣ್ಣೆ ಬಳಿದ ಹಾಗೆ ಬಳಿಸಬೇಡಿ. ಒಳಕ್ಕೆ ಹಿಂಡಿದ ಪೇಸ್ಟ್ ಒಣಗಿ ಕಳಚಿ ಆಯಿಲ್ ಸ್ಟ್ರೈನರಿಗೆ ಹೋಗಿ ಕೂರುತ್ತದೆ. ಕಟ್ಟಿದ ಮೇಲೆ ಪ್ಲಗ್ ಇಲ್ಲದೆ, ಇಂಧನ ತಪ್ಪಿಸಿ, ಆಯಿಲ್ ಪ್ರೆಷರ್ ದೀಪ ಆರುವ ತನಕ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ. ಆಮೇಲೆಯೇ ಸ್ಟಾರ್ಟ್.

8. ಗೇರ್‌ಬಾಕ್ಸ್, ಜಾಯಿಂಟು, ಡಿಫರೆನ್ಷಿಯಲ್

ಯುನಿವರ್ಸಲ್ ಜಾಯಿಂಟಿನ (ಶಾಫ್ಟಿನ ತುದಿಯ ಮಡಚುವ ಕೀಲು) ಕ್ರಾಸ್‌ಗಳ ಟೋಪಿಯ ಸುತ್ತ ತುಕ್ಕಿನ ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿದೆ, ಬದಲಾಯಿಸಿ. ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟ್‌ಗಳನ್ನು ಸನ್ನೆಕೋಲಿನಿಂದ ಎತ್ತಿ ನೋಡಿ. ಹರಿದ ರಬ್ಬರ್ ಸುಮ್ಮನೆ ಕೂತಿದ್ದಾಗ ಚೆನ್ನಾಗಿಯೇ ಕಾಣುತ್ತದೆ. ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರ್ ಜೋಡಿ) ಬಿಚ್ಚಿಸಿದರೆ ಹಲ್ಲಿನ ಮೇಲೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ, ಎಲ್ಲಿ ಉಜ್ಜಿದೆ ಎಂದು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ.

ಹೊಸಬರಿಗೆ ಒಂದು ಮಾತು. ಜಿಪ್ಸಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಸ್ಟೇಜ್ ಮುಗಿಸಿ ಟಾರು ರಸ್ತೆಗೆ ಬಂದ ಮೇಲೂ ಫೋರ್ ವೀಲ್‌ನಲ್ಲೇ ಬಿಟ್ಟರೆ ಇಡೀ ಸಾಲು ತಿರುಚಿಕೊಂಡು ಎಲ್ಲಾದರೂ ಒಂದು ಕಡೆ ಮುರಿಯುತ್ತದೆ. ಕಳೆದ ಸೀಸನ್ನಿನಲ್ಲಿ ನಿಮ್ಮ ಶಾಫ್ಟ್ ಹೋಗಿದ್ದರೆ ಸಾಮಾನಿಗಿಂತ ಮೊದಲು ಈ ಅಭ್ಯಾಸ ನೋಡಿಕೊಳ್ಳಿ.

9. ವೈರಿಂಗ್

ಅರ್ಥ್ ತಂತಿಗಳ ತುದಿ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ. ಅರ್ಧಕ್ಕರ್ಧ ಕರೆಂಟಿನ ಕಾಯಿಲೆ ಇದರಲ್ಲೇ ವಾಸಿ. ತಗಡಿನ ತೂತಿನಲ್ಲಿ ಹಾಯುವ ಪ್ರತಿ ತಂತಿಗೂ ರಬ್ಬರ್ ಬಳೆ ಇರಬೇಕು. ಕಿಲ್ ಸ್ವಿಚ್ (ಒಂದೇ ಏಟಿಗೆ ಇಡೀ ಗಾಡಿಯ ಕರೆಂಟ್ ಕಡಿಯುವ ಸ್ವಿಚ್) ಪರೀಕ್ಷೆಯನ್ನು ಎಂಜಿನ್ ಓಡುತ್ತಿರುವಾಗಲೇ ಮಾಡಿ. ದೀಪ ಆರಿದರೆ ಸಾಲದು, ಎಂಜಿನ್ನೂ ನಿಲ್ಲಬೇಕು. ತಪ್ಪಾಗಿ ಜೋಡಿಸಿದ್ದರೆ ಆಲ್ಟರ್ನೇಟರಿನ ಕರೆಂಟಿನಲ್ಲೇ ಅದು ಓಡುತ್ತಿರುತ್ತದೆ. ಒಳಗಿನಿಂದಲೂ ಹೊರಗಿನಿಂದಲೂ ಎರಡೂ ಕಡೆ ಎಳೆದು ನೋಡಿ.

10. ಈಗ ಸುಧಾರಣೆ

ಇಲ್ಲಿಗೆ ಬರುವಷ್ಟರಲ್ಲಿ ದುಡ್ಡು ಉಳಿದಿರುವುದು ಅಪರೂಪ. ಉಳಿದಿದ್ದರೆ ನನ್ನ ಕ್ರಮ ಹೀಗೆ: ಶಾಕ್, ಟಯರ್, ಬ್ರೇಕ್ ಪ್ಯಾಡ್, ಕೆಳಗಿನ ಗಾರ್ಡ್, ಕೂರುವ ಭಂಗಿ, ಕಟ್ಟಕಡೆಗೆ ಎಂಜಿನ್. ಜಿಪ್ಸಿಯ ಎಂಜಿನ್ ಕಂಪನಿಯಿಂದ ಬರುವುದೇ ಸುಮಾರು 80 ಕುದುರೆ ಬಲದಲ್ಲಿ. ಕ್ಯಾಮ್, ಎಕ್ಸಾಸ್ಟ್, ಟ್ಯೂನಿಂಗ್ ಅಂತ ದೊಡ್ಡ ಮೊತ್ತ ಸುರಿದರೆ ಕೆಲವು ಕುದುರೆ ಹೆಚ್ಚುತ್ತವೆ. ಅದೇ ಮೊತ್ತದ ಶಾಕ್ ಹಾಕಿದರೆ ಗುಂಡಿಗೆ ಮೊದಲು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದವರು ತೆಗೆಯುವುದು ಬಿಡುತ್ತಾರೆ. ಮಣ್ಣುದಾರಿಯಲ್ಲಿ ಯಾವುದಕ್ಕೆ ಬೆಲೆ ಜಾಸ್ತಿ ಅಂತ ನೀವೇ ಲೆಕ್ಕ ಹಾಕಿ. ನಿಮ್ಮ ಕ್ಲಾಸಿನ ನಿಯಮ ಕ್ಯಾಮ್ ಬದಲಾಯಿಸಲು ಬಿಡುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ.

ಕೂರುವ ಭಂಗಿಗೆ ಖರ್ಚೇ ಇಲ್ಲ. ಬೆಲ್ಟ್ ಬಿಗಿದು ಕೂತಾಗ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಲುಪಬೇಕು, ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಸ್ಪೇರ್ ಚಕ್ರ, ಜಾಕಿ, ಟೂಲ್ ಎಲ್ಲಾ ಆದಷ್ಟು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಕಟ್ಟಿ.

ಒಂದು ಸೀಸನ್ನಿಗೆ ಎರಡು ದೊಡ್ಡ ಬದಲಾವಣೆ ಸಾಕು. ಐದು ಒಟ್ಟಿಗೆ ಮಾಡಿ ಗಾಡಿ ಕೆಟ್ಟದಾಗಿ ಓಡಿದರೆ ಯಾವುದರ ತಪ್ಪು ಅಂತ ಹುಡುಕುವುದರಲ್ಲೇ ಮೊದಲ ರ‍್ಯಾಲಿ ಬಂದಿರುತ್ತದೆ.

11. ಜೋಡಣೆ

ಟಾರ್ಕ್ ರೆಂಚಿನಿಂದ ಬಿಗಿದ ಪ್ರತಿ ಬೋಲ್ಟಿಗೂ ಬಣ್ಣದ ಗೆರೆ ಎಳೆಯಿರಿ. ಬೋಲ್ಟಿನಿಂದ ಪಕ್ಕದ ಲೋಹದವರೆಗೂ ಗೆರೆ ಹಾಯಬೇಕು. ಸರ್ವೀಸ್ ಪಾರ್ಕಿನಲ್ಲಿ ಟಾರ್ಚ್ ಹಾಕಿ ನೋಡಿದರೆ ಸಡಿಲಾದದ್ದು ಗೆರೆ ಮುರಿದು ಕಾಣುತ್ತದೆ. ನೈಲಾನ್ ಬಳೆಯ ಲಾಕ್ ನಟ್ಟುಗಳನ್ನು ಹೊಸದು ಹಾಕಿ. ಸಸ್ಪೆನ್ಷನ್, ಸ್ಟೀರಿಂಗ್‌ಗೆ ತಲೆಯ ಮೇಲೆ ಗ್ರೇಡ್ ಗುರುತಿಲ್ಲದ ಬೋಲ್ಟು ಬೇಡ. ವೀಲ್ ಅಲೈನ್‌ಮೆಂಟನ್ನು ಎಲ್ಲಾ ಬಿಗಿದ ಮೇಲೆ, ಇಬ್ಬರೂ ಒಳಗೆ ಕೂತ ತೂಕದಲ್ಲಿ ಮಾಡಿಸಿ.

12. ಓಡಿಸಿ ನೋಡುವುದು

ಸಾರ್ವಜನಿಕ ರಸ್ತೆಯಲ್ಲಿ ಪರೀಕ್ಷೆ ಬೇಡವೇ ಬೇಡ. ಪರಿಚಯದವರ ತೋಟದ ದಾರಿ, ಖಾಲಿ ಜಮೀನು, ಕ್ಲಬ್ಬಿನ ಆಟೋಕ್ರಾಸ್ ಟ್ರ್ಯಾಕ್, ಯಾವುದಾದರೂ ಒಂದಕ್ಕೆ ಒಪ್ಪಿಗೆ ಪಡೆಯಿರಿ. ಗೇಟು ಹಾಕಿ, ಆಚೆ ಒಬ್ಬರನ್ನು ನಿಲ್ಲಿಸಿ. ಮಾಮೂಲಿ ವಾಹನ ವಿಮೆಯಲ್ಲಿ ರೇಸ್, ವೇಗ ಪರೀಕ್ಷೆಗಳಿಗೆ ರಕ್ಷಣೆ ಇಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ, ಓದಿಕೊಳ್ಳಿ. ಬೆಲ್ಟ್, ಹೆಲ್ಮೆಟ್ ಪರೀಕ್ಷೆಯ ದಿನವೂ ಬೇಕು.

ಮೊದಲು ನಿಧಾನವಾಗಿ ಕೆಲವು ಸುತ್ತು. ಬ್ರೇಕ್ ಪ್ಯಾಡ್ ಹೊಸದಿದ್ದರೆ ಮಧ್ಯಮ ವೇಗದಿಂದ ಪದೇಪದೇ ಇಳಿಸಿ ಬಿಸಿ ಮಾಡಿ, ನಿಲ್ಲಿಸಿ ಒತ್ತಿ ಹಿಡಿಯದೆ ತಣಿಯಲು ಬಿಡಿ. ವಾಪಸ್ ಬಂದು ವೀಲ್ ನಟ್ಟು, ಯು-ಬೋಲ್ಟು, ಸ್ಟೀರಿಂಗ್ ಬಾಕ್ಸ್ ಬೋಲ್ಟು ಮತ್ತೆ ಬಿಗಿ ನೋಡಿ. ಹೊಸ ಯು-ಬೋಲ್ಟು ಮೊದಲ ದಿನ ಸ್ವಲ್ಪ ಬಿಟ್ಟುಕೊಳ್ಳುವುದು ಸಹಜ. ಎಂಜಿನ್ ಹೊಸದಾಗಿ ಕಟ್ಟಿದ್ದರೆ ಮೊದಲ ಆಯಿಲನ್ನು ಇಲ್ಲೇ ಇಳಿಸಿ, ಫಿಲ್ಟರ್ ಕೊಯ್ದು ನೋಡಿ.

ಆಮೇಲೆ ಒಂದೇ ದಾರಿಯನ್ನು ಸ್ಟಾಪ್‌ವಾಚ್ ಹಿಡಿದು ಓಡಿಸಿ. ಶಾಕ್‌ನ ಒಂದು ಕ್ಲಿಕ್, ಟಯರಿನ ಗಾಳಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಸಮಯ ಬರೆಯಿರಿ. ಕೊನೆಗೆ ಮೊದಲಿನ ಸೆಟ್ಟಿಂಗಿಗೆ ವಾಪಸ್ ಹೋಗಿ ಇನ್ನೊಮ್ಮೆ ಓಡಿಸಿ. ದಾರಿಯ ಮೇಲಿನ ಸಡಿಲ ಮಣ್ಣು ಸರಿದು, ಕೈ ಪಳಗಿ ಹಾಗೇ ಸಮಯ ಇಳಿದಿರಬಹುದು. ಆ ಯಶಸ್ಸನ್ನು ಶಾಕ್‌ಗೆ ಕೊಡಬೇಡಿ.

ಕೊನೆಯ ಪರೀಕ್ಷೆ ಮುಗಿದ ಮೇಲೆ ಸರ್ವೀಸ್ ವ್ಯಾನಿನ ಡಬ್ಬಿ ತುಂಬಿಸಿ. ಯು-ಬೋಲ್ಟು, ಸೆಂಟರ್ ಬೋಲ್ಟು, ಜಾಯಿಂಟ್ ಕ್ರಾಸ್, ಕಟ್ಟಿದ ಒಂದು ಕಮಾನು ಪಟ್ಟಿ, ಶಾಕ್ ಜೋಡಿ, ಹಬ್ ಬೇರಿಂಗ್, ಕ್ಲಚ್ ಕೇಬಲ್, ರೇಡಿಯೇಟರ್ ಪೈಪುಗಳು, ಫ್ಯಾನ್ ಬೆಲ್ಟು, ಬ್ರೇಕ್ ಪೈಪು, ಸೀಲ್ ಒಡೆಯದ ಬ್ರೇಕ್ ಆಯಿಲ್. ಸ್ಕ್ರೂಟಿನಿಗೆ, ಅಂದರೆ ರ‍್ಯಾಲಿಗೆ ಮುಂಚಿನ ಗಾಡಿ ತಪಾಸಣೆಗೆ, ಸೀಟು, ಬೆಲ್ಟು, ಹೆಲ್ಮೆಟ್ಟಿನ ಲೇಬಲ್ ಫೋಟೋಗಳನ್ನೂ ಆರ್‌ಸಿ, ವಿಮೆ, ಎಮಿಷನ್ ಕಾಗದಗಳನ್ನೂ ಒಂದೇ ಫೈಲಿಗೆ ಹಾಕಿ ನ್ಯಾವಿಗೇಟರ್ ಕೈಗೆ ಕೊಡಿ. ಓಡಿಸುವವರ ಹತ್ತಿರ ಕಾಗದ ಇಟ್ಟರೆ ಅದು ಮನೆಯಲ್ಲೇ ಉಳಿಯುತ್ತದೆ.